ಆಪರೇಷನ್‌ಗೆ ಮುಂಚೆ ಬಾಯಿ ತೆರೆದು ನೋಡಿಕೊಳ್ಳಿ: ಉಸಿರಿನ ಟ್ಯೂಬ್ ಕಷ್ಟವಾಗಬಹುದಾ ಎಂದು ಮೊದಲೇ ತಿಳಿಯುವ ಬಗೆ

"ಬಾಯಿ ಪೂರ್ತಿ ತೆಗೀರಿ ಅಣ್ಣ" ಅಂದೆ.

"ತೆಗ್ದೇ ಇವ್ನಿ ಡಾಕ್ಟ್ರಮ್ಮ. ಇದ್ಕಿಂತ ಜಾಸ್ತಿ ಬರಾಕಿಲ್ಲ" ಅಂದರು.

ಪಾಂಡವಪುರ ಕಡೆಯ ಕಬ್ಬಿನ ರೈತರು. ವಯಸ್ಸು ಐವತ್ತರ ಆಸುಪಾಸು. ಪಿತ್ತಕೋಶದಲ್ಲಿ ಕಲ್ಲು, ಮಾರನೇ ದಿನ ಬೆಳಿಗ್ಗೆ ಲ್ಯಾಪ್ರೋಸ್ಕೋಪಿ ಆಪರೇಷನ್ ಎಂದು ನಿಗದಿಯಾಗಿತ್ತು. ಫೈಲಿನಲ್ಲಿ ಇಸಿಜಿ ಇತ್ತು, ಶುಗರ್ ಇತ್ತು, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಎಲ್ಲ ಇತ್ತು. ಬಾಯಿ ಎಷ್ಟು ತೆರೆಯುತ್ತದೆ ಅನ್ನುವುದು ಮಾತ್ರ ಯಾವ ಹಾಳೆಯಲ್ಲೂ ಇರಲಿಲ್ಲ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಅವರದೇ ಒಂದೂವರೆ ಬೆರಳು ಹೋಗುವಷ್ಟು ಜಾಗ, ಅಷ್ಟೇ. ಗ್ಲೌಸ್ ಹಾಕಿಕೊಂಡು ಕೆನ್ನೆಯ ಒಳಗೆ ಬೆರಳಾಡಿಸಿದೆ. ಮೆತ್ತಗಿರಬೇಕಾದ ಕಡೆ ಹಗ್ಗದಂಥ ಗಟ್ಟಿ ಪಟ್ಟಿ ಸಿಕ್ಕಿತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಬಿಳಿಚಿಕೊಂಡಿತ್ತು.

ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಆಗ ಬಾಯಿಬಿಟ್ಟರು. "ಮುದ್ದೇನ ಗೋಲಿ ಗಾತ್ರ ಮಾಡ್ಕಂಡು ನುಂಗ್ತಾರೆ ಕಣಮ್ಮ. ಖಾರ ಬಾಯಿಗಿಟ್ರೆ ಉರಿ ಅಂತಾರೆ. ಎಲ್ಡು ವರ್ಸ ಆಯ್ತು."

ಎರಡು ವರ್ಷದಿಂದ ಮನೆಯವರಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಅವರಿಗೂ ಇದು ಹೇಳಬೇಕಾದ ವಿಷಯ ಅನ್ನಿಸಿರಲಿಲ್ಲ. ಹೊಟ್ಟೆಯ ಆಪರೇಷನ್‌ಗೂ ಮುದ್ದೆಯ ತುತ್ತಿಗೂ ಏನು ಸಂಬಂಧ, ಅಲ್ವಾ? ಸಂಬಂಧ ಇದೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಂಡ್ಯದಲ್ಲಿ ಅರಿವಳಿಕೆ ವೈದ್ಯೆ. ಜನ 'ಮತ್ತು ಕೊಡೋ ಡಾಕ್ಟ್ರು' ಅನ್ನುತ್ತಾರೆ. ನಿಮಗೋ ನಿಮ್ಮ ಮನೆಯವರಿಗೋ ಆಪರೇಷನ್ ಇದ್ದರೆ, ಹಿಂದಿನ ವಾರವೇ ಒಂದು ಕನ್ನಡಿ, ಒಂದು ಟಾರ್ಚ್, ದರ್ಜಿಯ ಟೇಪ್ ಹಿಡಿದು ಅರ್ಧ ಗಂಟೆ ಕೂತುಕೊಳ್ಳಿ. ಏನು ನೋಡಬೇಕು, ಏನು ಬರೆದುಕೊಳ್ಳಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ಇದು ಡಾಕ್ಟರ ತಪಾಸಣೆಗೆ ಬದಲಿಯಲ್ಲ. ಆ ತಪಾಸಣೆಗೆ ನೀವು ಕೈಯಲ್ಲಿ ಹಿಡಿದು ಬರಬೇಕಾದ ಮಾಹಿತಿ.

ಟ್ಯೂಬ್ ಯಾಕೆ, ಆತುರ ಯಾಕೆ

ಪೂರ್ತಿ ಮತ್ತು ಕೊಟ್ಟು, ಮಾಂಸಖಂಡ ಸಡಿಲವಾಗುವ ಔಷಧಿ ಕೊಟ್ಟ ಮೇಲೆ ನಿಮ್ಮ ಉಸಿರು ನಿಲ್ಲುತ್ತದೆ. ಅಲ್ಲಿಂದ ಮುಂದೆ ಉಸಿರಾಡಿಸುವುದು ನಮ್ಮ ಕೆಲಸ. ಮೊದಲು ಮಾಸ್ಕ್ ಒತ್ತಿ ಹಿಡಿದು ಬ್ಯಾಗ್ ಒತ್ತುತ್ತೇವೆ. ಆಮೇಲೆ ಲ್ಯಾರಿಂಗೋಸ್ಕೋಪ್ ಎಂಬ ಸಾಧನದಿಂದ ನಾಲಿಗೆಯನ್ನು ಪಕ್ಕಕ್ಕೆ ಸರಿಸಿ, ದವಡೆಯನ್ನು ಮೇಲೆತ್ತಿ, ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ನೋಡಿ, ಅದರ ನಡುವಿನಿಂದ ಶ್ವಾಸನಾಳಕ್ಕೆ ಟ್ಯೂಬ್ ಇಳಿಸುತ್ತೇವೆ. ಇವತ್ತಿಗೂ ಎಲ್ಲ ಆಪರೇಷನ್ ಕೋಣೆಗಳಲ್ಲಿ (ಒ.ಟಿ.) ಕಾಣುವ ಈ ಸಾಧನದ ಬಾಗಿದ ಬ್ಲೇಡ್ ಮೆಕಿಂತೋಷ್ ಎಂಬ ಅರಿವಳಿಕೆ ವೈದ್ಯರು 1943ರಲ್ಲಿ ರೂಪಿಸಿದ್ದು. ಆ ಬ್ಲೇಡ್ ಒಳಗೆ ಹೋಗಬೇಕಾದರೆ ಬಾಯಿ ತೆರೆಯಬೇಕು. ಒಳಗೆ ಕಾಣಬೇಕಾದರೆ ನಾಲಿಗೆ ಸರಿಯಲು ಜಾಗ ಇರಬೇಕು, ಕತ್ತು ಹಿಂದಕ್ಕೆ ಬಾಗಬೇಕು, ದವಡೆ ಮುಂದಕ್ಕೆ ಬರಬೇಕು. ಕೆಳಗೆ ಹೇಳುವ ಎಲ್ಲ ಪರೀಕ್ಷೆಗಳೂ ಈ ನಾಲ್ಕರ ಸುತ್ತಲೇ ಸುತ್ತುತ್ತವೆ.

ಇದಕ್ಕೆಲ್ಲ ಸಮಯ ಎಷ್ಟು ಸಿಗುತ್ತದೆ? ಮತ್ತು ಕೊಡುವ ಮುಂಚೆ ಮೂರು ನಿಮಿಷ ಮಾಸ್ಕ್‌ನಲ್ಲಿ ಬರೀ ಆಮ್ಲಜನಕ ಎಳೆದುಕೊಳ್ಳಿ ಅನ್ನುತ್ತೇವಲ್ಲ, ಅದು ಸುಮ್ನೆ ಅಲ್ಲ. ಹಾಗೆ ತುಂಬಿಸಿಕೊಂಡ ಆರೋಗ್ಯವಂತ ವಯಸ್ಕರ ದೇಹ ಉಸಿರಿಲ್ಲದೆ ಏಳೆಂಟು ನಿಮಿಷ ತಡೆದುಕೊಳ್ಳಬಹುದು. ತುಂಬಾ ದಪ್ಪ ಇರುವವರಲ್ಲಿ ಅದು ಸುಮಾರು ಮೂರು ನಿಮಿಷಕ್ಕೆ ಇಳಿಯುತ್ತದೆ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಕೂಡ ಕಡಿಮೆಯೇ. ಆಮ್ಲಜನಕ ಪೂರ್ತಿ ನಿಂತರೆ ಮಿದುಳು ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಸಹಿಸುವುದಿಲ್ಲ. ಕಷ್ಟದ ದಾರಿ ಎಂದು ಮೊದಲೇ ಗೊತ್ತಿದ್ದರೆ ನಾವು ಬೇರೆ ದಾರಿ ಹಿಡಿಯುತ್ತೇವೆ. ಮತ್ತು ಕೊಟ್ಟ ಮೇಲೆ ಗೊತ್ತಾದರೆ ಗಡಿಯಾರದ ಜೊತೆ ಓಡಬೇಕಾಗುತ್ತದೆ.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಈ ಮುನ್ಸೂಚನೆ ಪಕ್ಕಾ ಅಲ್ಲ. ಡೆನ್ಮಾರ್ಕ್‌ನಲ್ಲಿ 1,88,064 ರೋಗಿಗಳ ದಾಖಲೆ ತೆಗೆದು ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಟ್ಯೂಬ್ ಹಾಕಲು ಕಷ್ಟವಾದವರಲ್ಲಿ ನೂರಕ್ಕೆ 93 ಮಂದಿಯದು ಮೊದಲು ಅಂದಾಜಾಗಿರಲೇ ಇಲ್ಲ. ಕಷ್ಟವಾಗಬಹುದು ಎಂದು ಗುರುತು ಹಾಕಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಮಾತ್ರ ನಿಜವಾಗಿ ಕಷ್ಟವಾಯಿತು. ಹಾಗಾಗಿ ಈ ಪರೀಕ್ಷೆಗಳಲ್ಲಿ ಯಾವುದೋ ಒಂದು ಸರಿ ಬರಲಿಲ್ಲ ಅಂತ ರಾತ್ರಿ ನಿದ್ದೆಗೆಡಬೇಡಿ. ಎಲ್ಲ ಸರಿ ಬಂತು ಅಂತ ಹಳೆಯ ಕಾಯಿಲೆ ಮುಚ್ಚಿಡಲೂ ಬೇಡಿ. ಒಂದೊಂದೇ ಪರೀಕ್ಷೆಗೆ ಬಲ ಕಡಿಮೆ. ನಾಲ್ಕೈದು ಸೇರಿಸಿ, ಜೊತೆಗೆ ನಿಮ್ಮ ಹಿಂದಿನ ಕಥೆ ಸೇರಿಸಿದಾಗ ನಮಗೆ ದಾರಿ ಕಾಣುತ್ತದೆ.

ಮೊದಲ ಹೆಜ್ಜೆ: ಹಳೇ ಆಪರೇಷನ್‌ಗಳ ಕಥೆ

ಎಲ್ಲಕ್ಕಿಂತ ತೂಕ ಇರುವುದು ಇದಕ್ಕೆ. ಹಿಂದೆ ಒಮ್ಮೆ ಟ್ಯೂಬ್ ಕಷ್ಟವಾಗಿದ್ದರೆ ಮತ್ತೆ ಕಷ್ಟವಾಗುವ ಸಾಧ್ಯತೆ ಜಾಸ್ತಿ.

ನಮ್ಮ ದೊಡ್ಡಮ್ಮನ ವಿಷಯ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಅವರಿಗೆ ಗರ್ಭಕೋಶದ ಆಪರೇಷನ್ ಆಯಿತು. ಎಚ್ಚರ ಆದ ಮೇಲೆ ನೋಡಿದರೆ ಮೇಲಿನ ಮುಂಭಾಗದ ಹಲ್ಲು ಅರ್ಧ ಮುರಿದಿತ್ತು. ವಾರಗಟ್ಟಲೆ ಗಂಟಲು ನೋವು, ದನಿ ಒಡೆದಂತೆ ಇತ್ತು. ಕೇಳಿದಾಗ "ಹಲ್ಲು ಮೊದಲೇ ಅಲ್ಲಾಡ್ತಿತ್ತೇನೋ" ಎಂದರಂತೆ. ಡಿಸ್‌ಚಾರ್ಜ್ ಹಾಳೆಯಲ್ಲಿ ಅದರ ಬಗ್ಗೆ ಒಂದಕ್ಷರ ಇರಲಿಲ್ಲ. ಹನ್ನೆರಡು ವರ್ಷ ಆದ ಮೇಲೆ ಇನ್ನೊಂದು ಆಪರೇಷನ್‌ಗೆ ಹೊರಟಾಗ, ಮನೆಯಲ್ಲಿ ಎಲೆಕೋಸು ಹೆಚ್ಚುತ್ತಾ ಕೂತಿದ್ದವರು ಮಾತಿನ ಮಧ್ಯೆ ಆ ಹಲ್ಲಿನ ವಿಷಯ ಎತ್ತಿದರು. ನಾನು ಕೂತ ಕಡೆಯೇ ಬೆಚ್ಚಿದೆ. ಮುರಿದ ಹಲ್ಲು, ವಾರಗಟ್ಟಲೆ ಒಡೆದ ದನಿ, ಎರಡೂ ಸೇರಿದರೆ ಅವತ್ತು ಒಳಗೆ ಒದ್ದಾಟ ನಡೆದಿರಬೇಕು. ಆ ಎರಡನೇ ಆಪರೇಷನ್‌ಗೆ ವಿಡಿಯೋ ಲ್ಯಾರಿಂಗೋಸ್ಕೋಪ್ ಇರುವ ಕಡೆಯೇ ಸೇರಿಸಿದೆವು. ಕತ್ತು ಬಾಗದೆ ಇದ್ದರೂ ಕ್ಯಾಮೆರಾದಲ್ಲಿ ಧ್ವನಿಪೆಟ್ಟಿಗೆ ಕಂಡಿತು, ಟ್ಯೂಬ್ ಮೊದಲ ಸಲಕ್ಕೇ ಹೋಯಿತು. ಒಂದು ಸಾಲು ಬರೆದುಕೊಟ್ಟಿದ್ದರೆ ಎಲೆಕೋಸಿನ ಮುಂದೆ ಕೂತು ಪತ್ತೆ ಮಾಡುವ ಪಾಡು ಇರುತ್ತಿರಲಿಲ್ಲ. ಆ ಬೇಸರ ನನಗೆ ಇನ್ನೂ ಇದೆ.

ಹಾಗಾಗಿ ಇವನ್ನು ಕೇಳಿಕೊಳ್ಳಿ, ಮನೆಯ ಹಿರಿಯರನ್ನೂ ಕೇಳಿ. ಹಿಂದಿನ ಆಪರೇಷನ್ ಆದ ಮೇಲೆ ಹಲ್ಲು ಮುರಿದಿತ್ತಾ, ಅಲ್ಲಾಡಿತ್ತಾ? ಗಂಟಲು ನೋವು ನಾಲ್ಕೈದು ದಿನಕ್ಕಿಂತ ಜಾಸ್ತಿ ಇತ್ತಾ? ಕಾರಣ ಹೇಳದೆ ಐಸಿಯುನಲ್ಲಿ ಒಂದು ರಾತ್ರಿ ಇಟ್ಟುಕೊಂಡಿದ್ದರಾ? "ಮತ್ತು ಕೊಟ್ಟ ಮೇಲೆ ಆಪರೇಷನ್ ಮುಂದೂಡಿದರು" ಅಂತ ಯಾರಾದರೂ ಹೇಳಿದ್ದರಾ? ಎಚ್ಚರ ಇರುವಾಗಲೇ ಟ್ಯೂಬ್ ಹಾಕಿದ್ದ ನೆನಪು ಇದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ದೊಡ್ಡದಾಗಿ ಬರೆದುಕೊಳ್ಳಿ. ಹಳೆಯ ಡಿಸ್‌ಚಾರ್ಜ್ ಹಾಳೆ ಬೀರುವಿನಲ್ಲಿ ಎಲ್ಲಿದ್ದರೂ ಹುಡುಕಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ ಆಪರೇಷನ್ ಆಗಿದ್ದರೆ ಟ್ಯೂಬ್ ಹಾಕಿರುವುದಿಲ್ಲ, ಅದರಿಂದ ಈ ವಿಷಯದಲ್ಲಿ ಏನೂ ತಿಳಿಯುವುದಿಲ್ಲ.

ಎರಡನೇ ಹೆಜ್ಜೆ: ಕನ್ನಡಿ ಮುಂದೆ ಬಾಯಿ

ಬೆಳಕಿರುವ ಕಡೆ ಕುರ್ಚಿಯ ಮೇಲೆ ನೆಟ್ಟಗೆ ಕೂತುಕೊಳ್ಳಿ. ಬಾಯಿ ಆದಷ್ಟೂ ತೆರೆಯಿರಿ. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಮೂರು ಬೆರಳು ಸಲೀಸಾಗಿ ಹೋದರೆ ಚೆನ್ನ. ಎರಡೇ ಹೋದರೆ, ಅಂದರೆ 3 ಸೆಂ.ಮೀ. ಹತ್ತಿರ ಇದ್ದರೆ, ಡಾಕ್ಟರಿಗೆ ತಪ್ಪದೆ ಹೇಳಿ. ಅದಕ್ಕಿಂತ ಕಡಿಮೆ ಆದರೆ ತಪಾಸಣೆಯ ದಿನದವರೆಗೂ ಕಾಯಬೇಡಿ, ಮುಂಚೆಯೇ ಫೋನ್ ಮಾಡಿ ತಿಳಿಸಿ.

ನಮ್ಮ ಕಡೆ ಬಾಯಿ ಬಿಗಿಯುವುದಕ್ಕೆ ನಾನು ಅತಿ ಹೆಚ್ಚು ಕಾಣುವ ಕಾರಣ ಅಡಿಕೆ. ಊಟ ಆದ ಮೇಲೆ ಮೈಸೂರು ವೀಳ್ಯದೆಲೆ, ಅಡಿಕೆ, ಸುಣ್ಣ ಹಾಕಿಕೊಳ್ಳುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಆದರೆ ದಿನವಿಡೀ ಅಡಿಕೆ ಪುಡಿ, ಪಾನ್ ಮಸಾಲ, ಗುಟ್ಕಾ ಕೆನ್ನೆಯಲ್ಲಿಟ್ಟುಕೊಳ್ಳುವುದು ಬೇರೆ ಮಾತು. ಕೆನ್ನೆಯ ಒಳಪದರ ವರ್ಷ ಕಳೆದಂತೆ ನಾರುಗಟ್ಟಿ ಬಿಗಿಯುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ತುತ್ತು ಚಿಕ್ಕದಾಗುತ್ತದೆ. ಆಮೇಲೆ ಕಬ್ಬು ಸಿಗಿಯಲು ಆಗುವುದಿಲ್ಲ, ಶಿಳ್ಳೆ ಹಾಕಲು ಬರುವುದಿಲ್ಲ, ನಾಲಿಗೆ ಹೊರಚಾಚಲು ಕಷ್ಟ. ಇದು ಬಾಯಿ ಕ್ಯಾನ್ಸರ್‌ಗೆ ತಿರುಗುವ ಅಪಾಯವೂ ಇರುವ ಕಾಯಿಲೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ, ಆದರೂ ಇಪ್ಪತ್ತೈದು ವರ್ಷದ ಹುಡುಗರ ಬಾಯಲ್ಲೂ ನಾನು ಈ ಪಟ್ಟಿ ಮುಟ್ಟಿ ನೋಡಿದ್ದೇನೆ. ಇದರ ಬಿಗಿತದಲ್ಲಿ ಒಂದು ಮುಖ್ಯ ವಿಷಯ ಇದೆ. ನೋವಿನಿಂದ ಅಥವಾ ಊತದ ಶುರುವಿನಲ್ಲಿ ಬಾಯಿ ಬಿಗಿದಿದ್ದರೆ ಮತ್ತು ಕೊಟ್ಟಾಗ ಕೆಲವೊಮ್ಮೆ ಸಡಿಲವಾಗುತ್ತದೆ. ಅಡಿಕೆಯಿಂದ ನಾರುಗಟ್ಟಿದ ಬಾಯಿ ಎಷ್ಟು ಮತ್ತು ಕೊಟ್ಟರೂ ಸಡಿಲವಾಗುವುದಿಲ್ಲ. ಹಾಗಾಗಿ ಚಟದ ವಿಷಯ ನಾಚಿಕೊಳ್ಳದೆ ಹೇಳಿ. ನಾವು ಬೈಯಲು ಕೇಳುತ್ತಿಲ್ಲ.

ಈಗ ಅದೇ ಕುರ್ಚಿಯಲ್ಲಿ ಮುಂದಿನದು. ತಲೆ ನೇರ ಇರಲಿ. ಬಾಯಿ ಪೂರ್ತಿ ತೆರೆದು, ನಾಲಿಗೆಯನ್ನು ಆದಷ್ಟೂ ಹೊರಗೆ ಚಾಚಿ. 'ಆ' ಅನ್ನಬೇಡಿ. ತಪ್ಪಾಗುವುದು ಇಲ್ಲೇ. 'ಆ' ಅಂದರೆ ಅಂಗುಳ ಮೇಲೆ ಹೋಗಿ ಇಲ್ಲದ ಜಾಗ ಇದ್ದಂತೆ ಕಾಣುತ್ತದೆ. ಸುಮ್ಮನೆ ಚಾಚಿ, ಟಾರ್ಚ್ ಬಿಟ್ಟು ಕನ್ನಡಿ ನೋಡಿ, ಇಲ್ಲದಿದ್ದರೆ ಮನೆಯವರಿಗೆ ಒಂದು ಫೋಟೋ ತೆಗೆಯಲು ಹೇಳಿ. ಹಿಂದೆ ಜೋತುಬಿದ್ದ ಕಿರುನಾಲಿಗೆ, ಅದರ ಎರಡೂ ಬದಿಯ ಕಮಾನು ಎಲ್ಲ ಚೆನ್ನಾಗಿ ಕಂಡರೆ ಅದು ಒಂದನೇ ದರ್ಜೆ. ಬದಿಯ ಕಮಾನು ಮರೆಯಾಗಿ ಕಿರುನಾಲಿಗೆ ಕಂಡರೆ ಎರಡು. ಕಿರುನಾಲಿಗೆಯ ಬುಡ ಮಾತ್ರ ಕಂಡರೆ ಮೂರು. ಗಟ್ಟಿ ಅಂಗುಳ ಬಿಟ್ಟು ಏನೂ ಕಾಣದಿದ್ದರೆ ನಾಲ್ಕು. ಮೂರು, ನಾಲ್ಕು ಬಂದರೆ ನಾಲಿಗೆಗೆ ಹೋಲಿಸಿದರೆ ಬಾಯೊಳಗೆ ಜಾಗ ಕಡಿಮೆ ಎಂದರ್ಥ.

ಪ್ರಪಂಚದ ಎಲ್ಲ ಅರಿವಳಿಕೆ ವೈದ್ಯರೂ ದಿನಾ ಬಾಯಲ್ಲಿ ಹೇಳುವ ಈ ಪರೀಕ್ಷೆಯ ಹೆಸರು ಮಲ್ಲಂಪಾಟಿ. ಆಂಧ್ರದಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್‌ನಲ್ಲಿ ಕೆಲಸ ಮಾಡಿದ ಡಾ. ಶೇಷಗಿರಿ ರಾವ್ ಮಲ್ಲಂಪಾಟಿ ಅವರು 1983ರಲ್ಲಿ ಒಂದು ಪತ್ರದ ರೂಪದಲ್ಲಿ ಈ ಊಹೆ ಮುಂದಿಟ್ಟರು, 1985ರಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಆಗ ಇದ್ದದ್ದು ಮೂರೇ ದರ್ಜೆ. ನಾಲ್ಕನೆಯದನ್ನು 1987ರಲ್ಲಿ ಸ್ಯಾಮ್ಸೂನ್ ಮತ್ತು ಯಂಗ್ ಎಂಬ ವೈದ್ಯರು ಸೇರಿಸಿದರು. ಒಂದು ಟಾರ್ಚ್ ಸಾಕು, ಬೇರೆ ಖರ್ಚಿಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಮಾಡಬಹುದಾದ್ದು ಅನ್ನುವ ಕಾರಣಕ್ಕೇ ನನಗೆ ಇದರ ಮೇಲೆ ಪ್ರೀತಿ. ಆದರೆ ಇದನ್ನೊಂದೇ ನೆಚ್ಚಿಕೊಂಡರೆ ಕಷ್ಟದವರಲ್ಲಿ ಸುಮಾರು ಅರ್ಧ ಜನ ಕೈತಪ್ಪುತ್ತಾರೆ.

ಮೂರನೇ ಹೆಜ್ಜೆ: ತುಟಿ ಕಚ್ಚಿ ನೋಡಿ

ಕೆಳಗಿನ ಮುಂಹಲ್ಲುಗಳಿಂದ ಮೇಲಿನ ತುಟಿಯನ್ನು ಕಚ್ಚಿ. ತುಟಿಯ ಕೆಂಪು ಭಾಗವನ್ನು ಪೂರ್ತಿ ದಾಟಿ, ಮೀಸೆ ಬರುವ ಚರ್ಮದ ಗಡಿಯವರೆಗೆ ಹಲ್ಲು ಮುಟ್ಟಿದರೆ ಒಂದನೇ ದರ್ಜೆ. ಕೆಂಪು ಭಾಗದ ಮಧ್ಯಕ್ಕೆ ಮಾತ್ರ ಮುಟ್ಟಿದರೆ ಎರಡು. ಮೇಲಿನ ತುಟಿಯನ್ನು ಕಚ್ಚಲಿಕ್ಕೇ ಆಗದಿದ್ದರೆ ಮೂರು. ಮೂರು ಅಂದರೆ ಕೆಳದವಡೆ ಮುಂದಕ್ಕೆ ಬರುತ್ತಿಲ್ಲ, ಇಲ್ಲದಿದ್ದರೆ ಮೇಲಿನ ಹಲ್ಲು ಬಹಳ ಉಬ್ಬಿವೆ.

ನೋಡಲು ಮಕ್ಕಳ ಆಟದಂತೆ ಇದೆ. ಆದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 133 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದಾಗ, ಧ್ವನಿಪೆಟ್ಟಿಗೆ ಕಾಣುವುದು ಕಷ್ಟವಾಗುವವರನ್ನು ಪತ್ತೆ ಮಾಡುವುದರಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಈ ತುಟಿ ಕಚ್ಚುವ ಪರೀಕ್ಷೆಯೇ. ಅದೂ ಮೂರರಲ್ಲಿ ಒಬ್ಬರನ್ನು ಬಿಟ್ಟುಬಿಡುತ್ತದೆ. ಮುಂಹಲ್ಲೇ ಇಲ್ಲದ ಹಿರಿಯರಿಗೆ ಇದು ಉಪಯೋಗವಿಲ್ಲ.

ನಾಲ್ಕನೇ ಹೆಜ್ಜೆ: ಕತ್ತು

ನೆಟ್ಟಗೆ ಕೂತು, ಬೆನ್ನು ಹಿಂದೆ ವಾಲಿಸದೆ, ಕತ್ತನ್ನು ಮಾತ್ರ ಹಿಂದಕ್ಕೆ ಬಾಗಿಸಿ ಸೂರು ನೋಡಿ. ಸಲೀಸಾಗಿ ಆಗಬೇಕು. ಬಾಗಿಸಿದಾಗ ಕೈಗೆ ಜುಮ್ಮೆಂದು ಹರಿದರೆ ಅಥವಾ ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ, ಬಲವಂತ ಮಾಡಬೇಡಿ. ಅದನ್ನೇ ಬರೆದುಕೊಳ್ಳಿ, ಅದು ನಮಗೆ ದೊಡ್ಡ ಮಾಹಿತಿ.

ಹಾಗೆ ಕತ್ತು ಬಾಗಿಸಿ ಬಾಯಿ ಮುಚ್ಚಿಕೊಂಡಿರುವಾಗಲೇ ಇನ್ನೊಂದು ಅಳತೆ. ಎಂಜಲು ನುಂಗಿದಾಗ ಕತ್ತಿನ ಮುಂದೆ ಮೇಲೆ ಕೆಳಗೆ ಓಡಾಡುವ ಗಟ್ಟಿ ಉಬ್ಬು ಇದೆಯಲ್ಲ, ಅದರ ಮೇಲ್ತುದಿಯಿಂದ ಗದ್ದದ ತುದಿಯವರೆಗೆ ಟೇಪ್ ಹಿಡಿಸಿ. 6.5 ಸೆಂ.ಮೀ. ಅಥವಾ ಜಾಸ್ತಿ ಇದ್ದರೆ ಸರಿ. 6ಕ್ಕಿಂತ ಕಡಿಮೆ ಬಂದರೆ ಗದ್ದ ಹಿಂದಕ್ಕಿದೆ, ನಾಲಿಗೆಯನ್ನು ಸರಿಸಿಡಲು ಒಳಗೆ ಜಾಗ ಕಮ್ಮಿ. ಗದ್ದ ಹಿಂದಿರುವ ಗಂಡಸರು ಅದನ್ನು ಮರೆಸಲು ಗಡ್ಡ ಬಿಟ್ಟಿರುತ್ತಾರೆ, ಹಾಗಾಗಿ ಕಣ್ಣಳತೆ ಸಾಲದು, ಟೇಪೇ ಬೇಕು.

ಕತ್ತಿನ ಸುತ್ತಳತೆಯನ್ನೂ ತೆಗೆಯಿರಿ. ಶರ್ಟ್ ಹೊಲಿಸುವಾಗ ಕಾಲರ್‌ಗೆ 16 ಇಂಚು ಅಂದರೆ 40 ಸೆಂ.ಮೀ. ದಾಟಿತು ಎಂದು ಲೆಕ್ಕ. ತುಂಬಾ ದಪ್ಪ ಇರುವವರಲ್ಲಿ ನಡೆಸಿದ ಒಂದು ಅಧ್ಯಯನದಲ್ಲಿ ಕತ್ತು 40 ಸೆಂ.ಮೀ. ಇದ್ದಾಗ ತೊಂದರೆಯ ಸಾಧ್ಯತೆ ನೂರಕ್ಕೆ 5 ಇತ್ತು, 60 ಆದಾಗ 35. ತೂಕಕ್ಕಿಂತ ಕತ್ತಿನ ದಪ್ಪವೇ ಹೆಚ್ಚು ಹೇಳುತ್ತದೆ.

ಶುಗರ್ ಬಹಳ ವರ್ಷದಿಂದ ಇರುವವರಿಗೆ ಒಂದು ಪುಟ್ಟ ಪರೀಕ್ಷೆ. ದೇವರಿಗೆ ಕೈ ಮುಗಿಯುವ ಹಾಗೆ ಎರಡೂ ಕೈ ಜೋಡಿಸಿ. ಅಂಗೈ, ಬೆರಳು ಪೂರ್ತಿ ಒಂದಕ್ಕೊಂದು ಅಂಟಬೇಕು. ಬೆರಳುಗಳ ನಡುವೆ ಸಂದು ಉಳಿದರೆ ಕೀಲುಗಳು ಬಿರುಸಾಗಿವೆ. ಅದೇ ಬಿರುಸು ಕತ್ತಿನ ಕೀಲಿನಲ್ಲೂ ಇರಬಹುದು. ಬೆನ್ನು, ಕತ್ತು ಎರಡೂ ಕಂಬದಂತೆ ಸೆಟೆದುಕೊಳ್ಳುವ ಕೀಲುರೋಗ ಇರುವವರು, ಸಂಧಿವಾತಕ್ಕೆ ವರ್ಷಗಟ್ಟಲೆ ಮಾತ್ರೆ ತಿನ್ನುತ್ತಿರುವವರು, ಕತ್ತಿನ ಮೇಲೆ ಸುಟ್ಟ ಗಾಯದ ಚರ್ಮ ಬಿಗಿದಿರುವವರು, ಕತ್ತಿಗೆ ರೇಡಿಯೇಷನ್ ಆಗಿರುವವರು ಟೇಪ್ ಹಿಡಿಯುವ ಅಗತ್ಯವೇ ಇಲ್ಲ. ನೇರವಾಗಿ ಹೇಳಿಬಿಡಿ.

ಐದನೇ ಹೆಜ್ಜೆ: ಗೊರಕೆ, ಗಡ್ಡ, ಹಲ್ಲು

ಟ್ಯೂಬ್ ಹೋಗುವುದು ತಡವಾದರೂ ಮಾಸ್ಕ್‌ನಿಂದ ಉಸಿರು ಕೊಡಲು ಆದರೆ ಜೀವಕ್ಕೆ ಅಪಾಯವಿಲ್ಲ. ಎರಡೂ ಆಗದಿರುವುದೇ ನಾವು ಹೆದರುವ ಸಂದರ್ಭ. ಹಾಗಾಗಿ ಮಾಸ್ಕ್ ಸರಿಯಾಗಿ ಕೂರುತ್ತದಾ ಅನ್ನುವುದನ್ನು ಬೇರೆಯಾಗಿಯೇ ಅಂದಾಜಿಸುತ್ತೇವೆ. 2000ನೇ ಇಸವಿಯಲ್ಲಿ ಫ್ರಾನ್ಸ್‌ನಿಂದ ಬಂದ ಅಧ್ಯಯನ ಐದು ಗುರುತು ಕೊಟ್ಟಿತು: 55 ದಾಟಿದ ವಯಸ್ಸು, ಹೆಚ್ಚು ತೂಕ, ಗಡ್ಡ, ಹಲ್ಲಿಲ್ಲದಿರುವುದು, ಗೊರಕೆ. ಇದರಲ್ಲಿ ಎರಡು ಸೇರಿದರೂ ಎಚ್ಚರ ಬೇಕು.

ಗೊರಕೆಯ ಬಗ್ಗೆ ರೋಗಿಯನ್ನು ಕೇಳಿ ಪ್ರಯೋಜನವಿಲ್ಲ, ಪಕ್ಕದಲ್ಲಿ ಮಲಗುವವರನ್ನು ಕೇಳಬೇಕು. ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರಾ? ಹಗಲು ಬಸ್ಸಿನಲ್ಲಿ ಕೂತ ತಕ್ಷಣ ನಿದ್ದೆ ಹೋಗುತ್ತಾರಾ? ಹೌದು ಅಂದರೆ ಬರೆದುಕೊಳ್ಳಿ. ಆಪರೇಷನ್ ಆದ ಮೇಲಿನ ರಾತ್ರಿಯ ನಿಗಾಕ್ಕೂ ಇದು ಬೇಕು.

ಗಡ್ಡ ಇದ್ದರೆ ಮಾಸ್ಕ್‌ನ ಅಂಚಿನಿಂದ ಗಾಳಿ ಸೋರುತ್ತದೆ. ತೆಗೆಸಲು ಅಡ್ಡಿಯಿಲ್ಲದಿದ್ದರೆ ಹಿಂದಿನ ದಿನ ತೆಗೆಸಿಬಿಡಿ. ಮಾದಪ್ಪನಿಗೆ ಹರಕೆ ಹೊತ್ತು ಬಿಟ್ಟ ಗಡ್ಡ ಇರಬಹುದು, ಮಾಲೆ ಹಾಕಿರಬಹುದು, ನಿಮ್ಮ ಧರ್ಮದ ಆಚರಣೆ ಇರಬಹುದು. ಆಗ ಹಾಗೆಂದು ಹೇಳಿ. ಜೆಲ್ ಸವರಿ, ಮೇಲೆ ಪಾರದರ್ಶಕ ಅಂಟುಹಾಳೆ ಹಾಕಿ ಸೋರದಂತೆ ಮಾಡಿಕೊಳ್ಳುತ್ತೇವೆ. ಹರಕೆ ಮುರಿಯಬೇಕಾಗಿಲ್ಲ, ಮೊದಲೇ ಗೊತ್ತಿರಬೇಕು ಅಷ್ಟೇ.

ಅಲ್ಲಾಡುವ ಹಲ್ಲು, ಕ್ಯಾಪ್ ಹಾಕಿಸಿದ ಹಲ್ಲು, ತೆಗೆದು ಹಾಕುವ ಸೆಟ್ ಯಾವುದಿದ್ದರೂ ಹೇಳಿ. ತೀರಾ ಅಲ್ಲಾಡುವ ಹಲ್ಲು ಕಳಚಿ ಶ್ವಾಸಕೋಶಕ್ಕೆ ಬೀಳಬಹುದು.

ಇವು ಇದ್ದರೆ ಕಾಯಬೇಡಿ

ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾಗುವುದು, ಉಸಿರೆಳೆಯುವಾಗ ಗಂಟಲಿನಿಂದ ಸಿಳ್ಳೆಯಂಥ ಶಬ್ದ, ಇತ್ತೀಚೆಗೆ ದನಿ ಬದಲಾಗಿರುವುದು, ಬೆಳೆಯುತ್ತಿರುವ ಗಳಗಂಡ, ಹಲ್ಲಿನ ಕೀವಿನಿಂದ ಗದ್ದದ ಕೆಳಗೆ ಊದಿ ನಾಲಿಗೆ ಮೇಲೆದ್ದಿರುವುದು. ಇವುಗಳಿಗೆ ಕನ್ನಡಿ, ಟೇಪ್ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ಕೊನೆಯದಂತೂ ಗಂಟೆಗಳಲ್ಲಿ ಉಸಿರಿನ ದಾರಿ ಮುಚ್ಚಬಲ್ಲದು.

ಬಸುರಿಯರ ವಿಷಯ ಎರಡು ಮಾತು. ಹೆರಿಗೆ ನೋವಿನ ಹೊತ್ತಿಗೆ ಬಾಯೊಳಗೆ ಊತ ಹೆಚ್ಚುತ್ತದೆ, ಹಾಗಾಗಿ ಏಳನೇ ತಿಂಗಳಲ್ಲಿ ನೋಡಿದ ದರ್ಜೆ ಹೆರಿಗೆಯ ದಿನ ಹಾಗೇ ಇರುವುದಿಲ್ಲ. ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿನ ಇಂಜೆಕ್ಷನ್ ಆರಿಸಿಕೊಳ್ಳಲು ಇದೂ ಒಂದು ಕಾರಣ. ಮಕ್ಕಳಲ್ಲಿ ಅಲ್ಲಾಡುವ ಹಾಲುಹಲ್ಲು, ಬಾಯಿ ತೆರೆದು ಮಲಗುವ ಅಭ್ಯಾಸ, ಹುಟ್ಟಿನಿಂದ ತೀರಾ ಚಿಕ್ಕ ಗದ್ದ, ಇಷ್ಟನ್ನು ಗಮನಿಸಿ ಹೇಳಿದರೆ ಸಾಕು.

ಬರೆದದ್ದನ್ನು ಯಾರಿಗೆ, ಯಾವಾಗ ಕೊಡಬೇಕು

ಸರ್ಜನ್‌ಗೆ ಹೇಳಿದರೆ ಸಾಲದು. "ಅರಿವಳಿಕೆ ಡಾಕ್ಟರ್ ನನ್ನನ್ನು ಯಾವಾಗ ನೋಡುತ್ತಾರೆ?" ಎಂದು ಕೇಳಿ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಬೇರೆ ಒ.ಪಿ.ಡಿ. ಇರುತ್ತದೆ, ಪಿ.ಎ.ಸಿ. (ಮತ್ತು ಕೊಡುವ ಮುಂಚಿನ ತಪಾಸಣೆ) ಅನ್ನುತ್ತಾರೆ. ಚಿಕ್ಕ ನರ್ಸಿಂಗ್ ಹೋಮ್‌ಗಳಲ್ಲಿ ನಮ್ಮಂಥವರು ಆಪರೇಷನ್‌ನ ಬೆಳಿಗ್ಗೆಯೇ ಬರುವುದೂ ಉಂಟು. ಅಲ್ಲಿ ನೀವೇ ಒತ್ತಾಯ ಮಾಡಿ, ಹಿಂದಿನ ದಿನವೇ ಒಂದು ಫೋನ್ ಮಾತಾದರೂ ಆಗಲಿ. ಟೇಬಲ್ ಮೇಲೆ ಮಲಗಿದ ಮೇಲೆ ಗೊತ್ತಾಗುವ ವಿಷಯದಿಂದ ನಮಗೆ ಉಪಯೋಗ ಕಡಿಮೆ. ಬೇಕಾದ ಸಾಧನ ಅಷ್ಟು ಹೊತ್ತಿಗೆ 45 ಕಿಲೋಮೀಟರ್ ದೂರದ ಮೈಸೂರಿನಲ್ಲಿ ಇರಬಹುದು.

ಕಷ್ಟ ಇದೆ ಅಂತ ಗೊತ್ತಾದರೆ ನಮ್ಮ ಹತ್ತಿರ ದಾರಿಗಳಿವೆ. ಕೈ, ಕಾಲು, ಹೊಟ್ಟೆಯ ಕೆಳಭಾಗದ ಆಪರೇಷನ್ ಆದರೆ ಆ ಭಾಗ ಮಾತ್ರ ಮರಗಟ್ಟಿಸಬಹುದು. ದಪ್ಪ ಇರುವವರಿಗೆ ಬೆನ್ನು, ತಲೆಯ ಕೆಳಗೆ ದಿಂಬು ಪೇರಿಸಿ, ಕಿವಿಯ ರಂಧ್ರ ಎದೆಯ ಮೂಳೆಯ ಮಟ್ಟಕ್ಕೆ ಬರುವ ಹಾಗೆ ಮಲಗಿಸಿದರೆ ಅರ್ಧ ಕಷ್ಟ ಕಳೆಯುತ್ತದೆ. ವಿಡಿಯೋ ಲ್ಯಾರಿಂಗೋಸ್ಕೋಪ್ ಇದೆ. ಟ್ಯೂಬ್‌ಗೆ ದಾರಿ ತೋರಿಸುವ ಬೂಜಿ ಎಂಬ ಉದ್ದನೆಯ ಕಡ್ಡಿ ಇದೆ. ಗಂಟಲೊಳಗೆ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಎಲ್‌ಎಂಎ ಎಂಬ ಪುಟ್ಟ ಮಾಸ್ಕ್ ಇದೆ. ತೀರಾ ಕಷ್ಟ ಅನ್ನಿಸಿದರೆ ಇ.ಎನ್.ಟಿ. ಸರ್ಜನ್ ಒ.ಟಿ.ಯಲ್ಲೇ ಸಿದ್ಧ ನಿಂತಿರುತ್ತಾರೆ. ಭಾರತದ ಕಷ್ಟದ ಉಸಿರುದಾರಿ ತಜ್ಞರ ಸಂಘ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಒಂದು ಉಪಾಯ ಸೋತರೆ ಮುಂದೇನು ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ.

ಎಚ್ಚರ ಇರುವಾಗಲೇ ಟ್ಯೂಬ್ ಹಾಕುತ್ತೇವೆ ಅಂದರೆ ಜನ ಹೆದರುತ್ತಾರೆ. ಪಾಂಡವಪುರದ ಆ ಅಣ್ಣನೂ ಹೆದರಿದರು. ನಮ್ಮಲ್ಲಿ ಫೈಬರ್ ಸ್ಕೋಪ್, ಅಂದರೆ ಒಳಗಿನ ದಾರಿಯನ್ನು ತೋರಿಸುವ ಬಾಗುವ ತೆಳು ನಳಿಕೆ, ಇರಲಿಲ್ಲ. ಆಪರೇಷನ್ ಒಂದು ದಿನ ಮುಂದೂಡಿ ಮೈಸೂರಿನಿಂದ ತರಿಸಿದೆವು, ಅದನ್ನು ದಿನಾ ಬಳಸುವ ಸಹೋದ್ಯೋಗಿಯೂ ಜೊತೆಗೆ ಬಂದರು. ಬೆಳಿಗ್ಗೆ ಅಣ್ಣನನ್ನು ಕೂರಿಸಿಯೇ ಶುರು ಮಾಡಿದೆವು. ಮೊದಲು ಗಂಟಲು ಮರಗಟ್ಟುವ ಔಷಧಿಯನ್ನು ಆವಿಯಾಗಿ ಎಳೆದುಕೊಂಡರು. ಮೂಗಿಗೆ ಹನಿ ಬಿಟ್ಟೆವು, ಜೆಲ್ ಹಚ್ಚಿದೆವು. "ನಾಲಿಗೆ ದಪ್ಪ ಆದಂಗ್ ಆಯ್ತದೆ" ಅಂದರು. ಅದು ಮರಗಟ್ಟಿದ್ದರ ಗುರುತು. ಮೂಗಿನ ಮೂಲಕ ಪೆನ್ಸಿಲ್‌ಗಿಂತ ತೆಳ್ಳಗಿನ ಸ್ಕೋಪ್ ಇಳಿಯುತ್ತಿದ್ದಾಗ ಅವರ ಕೈ ನನ್ನ ಕೈಯಲ್ಲಿತ್ತು. ತೊಂದರೆ ಆದರೆ ಒತ್ತಿ ಅಂದಿದ್ದೆ. ಒಮ್ಮೆ ಮಾತ್ರ ಒತ್ತಿದರು, ನಿಲ್ಲಿಸಿ ಇನ್ನಷ್ಟು ಔಷಧಿ ಸಿಂಪಡಿಸಿ ಮುಂದುವರಿದೆವು. ಪರದೆಯಲ್ಲಿ ಬೆಳ್ಳಗಿನ ಎರಡು ಧ್ವನಿತಂತುಗಳು, ಅವರು ಉಸಿರೆಳೆದಾಗ ಬಾಗಿಲಿನಂತೆ ತೆರೆದುಕೊಂಡವು. ಟ್ಯೂಬ್ ಒಳಗೆ ಹೋಯಿತು. ಮಾನಿಟರ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಅಲೆ ಎದ್ದರೆ ಟ್ಯೂಬ್ ಶ್ವಾಸನಾಳದಲ್ಲೇ ಇದೆ ಎಂದರ್ಥ, ಅದನ್ನು ನೋಡಿದ ಮೇಲೆಯೇ ಮತ್ತು ಕೊಟ್ಟೆವು. ಅಲ್ಲಿಯವರೆಗೆ ಅವರ ಉಸಿರು ಅವರದೇ ಆಗಿತ್ತು. ಸಂಜೆ ಕೇಳಿದರೆ ಸ್ಕೋಪ್ ಹಾಕಿದ್ದು ಸರಿಯಾಗಿ ನೆನಪಿಲ್ಲ, ಮೂಗು ಉರಿದದ್ದು ನೆನಪಿದೆ ಎಂದರು.

ಕೊನೆಯ ಹೆಜ್ಜೆ: ಆಪರೇಷನ್ ಆದ ಮೇಲೆ

ಮನೆಗೆ ಹೊರಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಟ್ಯೂಬ್ ಹಾಕೋದು ಸುಲಭ ಆಯ್ತಾ, ಕಷ್ಟ ಆಯ್ತಾ?" ಕಷ್ಟ ಆಯಿತು ಅಂದರೆ ಬರೆದುಕೊಡಲು ಕೇಳಿ. ಮಾಸ್ಕ್‌ನಿಂದ ಉಸಿರು ಕೊಡಲು ಆಯಿತಾ, ಯಾವ ಸಾಧನದಲ್ಲಿ ಎಷ್ಟನೇ ಪ್ರಯತ್ನಕ್ಕೆ ಹೋಯಿತು, ಯಾವ ಅಳತೆಯ ಟ್ಯೂಬ್, ಮುಂದಿನ ಸಲ ಏನು ಮಾಡಬೇಕು, ಇಷ್ಟಿದ್ದರೆ ಮುಂದಿನ ಡಾಕ್ಟರಿಗೆ ಬೇರೇನೂ ಬೇಡ.

ಆ ಅಣ್ಣನಿಗೆ ನಾನು ಕೊಟ್ಟ ಚೀಟಿ ಹೀಗಿತ್ತು: "ಅಡಿಕೆಯಿಂದ ಬಾಯಿ ಬಿಗಿದಿದೆ, ಒಂದೂವರೆ ಬೆರಳು. ಕತ್ತು ಚೆನ್ನಾಗಿ ಬಾಗುತ್ತದೆ. ಮಾಸ್ಕ್‌ನಿಂದ ಉಸಿರು ಕೊಡುವ ಅಗತ್ಯ ಬರಲಿಲ್ಲ. ಎಚ್ಚರವಿದ್ದಾಗಲೇ ಮೂಗಿನಿಂದ ಫೈಬರ್ ಸ್ಕೋಪ್‌ನಲ್ಲಿ 6.5 ಅಳತೆಯ ಟ್ಯೂಬ್, ಮೊದಲ ಪ್ರಯತ್ನಕ್ಕೆ. ಮತ್ತು ಕೊಟ್ಟು ಬಾಯಿಂದ ಪ್ರಯತ್ನಿಸಬೇಡಿ." ಅವರ ಮಗ ಅದರ ಫೋಟೋ ತೆಗೆದು ಮನೆಯ ಎಲ್ಲರ ಮೊಬೈಲಿಗೂ ಕಳಿಸಿದ. ಮೂಲ ಚೀಟಿಯನ್ನು ಅವರ ಹೆಂಡತಿ ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿಕೊಂಡರು.